ಅಲೋಹದ ‘ಅ’

ಮೇಷ್ಟ್ರ ಮೊದಲ ದೂರು ತೀರಾ ಸಣ್ಣದಾಗಿತ್ತು. “ಮೇಡಂ, ನಿಮ್ಮ ಮಿಷನ್ನು ಚಲೋ ಓದ್ತೈತೆ. ಆದ್ರೆ ಆಗಾಗ ಶಬ್ದದ ನಡುವೆ ಟಕ್ ಅಂತ ನಿಂತು ಮುಂದಕ್ಕೆ ಹೋಗ್ತೈತೆ. ಅದೊಂದು ನೋಡ್ರಿ” ಎಂದು ಫೋನಿನಲ್ಲಿ ಹೇಳಿದರು.

ಅವರು ಹರಿಹರದಲ್ಲಿ ಕಣ್ಣು ಕಾಣದ ಮಕ್ಕಳ ವಸತಿ ಶಾಲೆಯೊಂದರಲ್ಲಿ ವಿಜ್ಞಾನ ಕಲಿಸುವವರು. ಅವರಿಗೂ ಹುಟ್ಟಿನಿಂದಲೇ ಕಣ್ಣು ಕಾಣದು. ಹತ್ತನೇ ತರಗತಿಗೆ ತಾವೇ ಟಿಪ್ಪಣಿ ಸಿದ್ಧಪಡಿಸಿ, ಬಾಯಲ್ಲಿ ಹೇಳಿ, ಸ್ಟೇಷನ್ ರಸ್ತೆಯ ಡಿಟಿಪಿ ಅಂಗಡಿಯ ಹೆಣ್ಣುಮಗಳೊಬ್ಬಳಿಂದ ಟೈಪ್ ಮಾಡಿಸಿದ್ದರು. ಆ ಫೈಲುಗಳನ್ನು ಗಟ್ಟಿಯಾಗಿ ಓದಿ ಹೇಳುವ ಪ್ರೋಗ್ರಾಂ ಬರೆದುಕೊಟ್ಟವಳು ನಾನು. ಧ್ವನಿ ಹೊರಡಿಸುವ ಭಾಗ ಬೇರೆಯವರು ಮಾಡಿಟ್ಟದ್ದು. ಫೈಲಿನಿಂದ ಅಕ್ಷರಗಳನ್ನು ತೆಗೆದು ವಾಕ್ಯ ವಾಕ್ಯವಾಗಿ ಆ ಧ್ವನಿಗೆ ಒಪ್ಪಿಸುವುದು, ವೇಗ ಹೆಚ್ಚು ಕಡಿಮೆ ಮಾಡುವುದು, ಕೇಳಿದ ಸಾಲಿಗೆ ಮತ್ತೆ ಹಿಂದಿರುಗುವುದು, ಇಷ್ಟು ನನ್ನ ಕೆಲಸ. ಶಾಲೆಗೆ ಯಾರೋ ಕೊಟ್ಟಿದ್ದ ಆರು ಹಳೇ ಲ್ಯಾಪ್‌ಟಾಪ್‌ಗಳಲ್ಲಿ ಅದನ್ನು ಹಾಕಿಕೊಟ್ಟಿದ್ದೆ.

ನಮ್ಮ ಆಫೀಸು ದಾವಣಗೆರೆಯ ವಿನೋಬನಗರದಲ್ಲಿ, ಹಿಟ್ಟಿನ ಗಿರಣಿಯ ಮೇಲಿನ ಮಹಡಿಯಲ್ಲಿದೆ. ಗಿರಣಿ ಶುರುವಾದರೆ ಮೇಜಿನ ಮೇಲಿನ ಲೋಟ ಸಣ್ಣಗೆ ನಡುಗುತ್ತದೆ. ಇರುವವರು ಮೂರೇ ಜನ. ಅಂಗಡಿಗಳಿಗೆ ಬಿಲ್ ಮಾಡುವ, ಗೋಡೌನಿನ ಸರಕು ನೋಡಿಕೊಳ್ಳುವ ಪ್ರೋಗ್ರಾಂಗಳನ್ನು ಬರೆಯುವುದು ನಮ್ಮ ಕಸುಬು. ಶಾಲೆಯ ಕೆಲಸ ನಮಗೆ ಹೊಸದು.

ದೂರು ಬಂದ ದಿನ ಪಾಠದ ಫೈಲನ್ನು ತೆರೆದು ಮೇಲಿಂದ ಕೆಳಗೆ ಕಣ್ಣಾಡಿಸಿದೆ. ಒಂದಕ್ಷರವೂ ತಪ್ಪಿರಲಿಲ್ಲ. ಆದರೂ ನನ್ನ ಅನುಮಾನ ಟೈಪ್ ಮಾಡಿದವಳ ಮೇಲೇ ಹೋಯಿತು. ಕಣ್ಣಿಗೆ ಕಾಣದ ಯಾವುದೋ ಗುರುತು ಅವಳ ಕೀಬೋರ್ಡಿನಿಂದ ಸೇರಿಕೊಂಡಿರಬೇಕು ಅಂದುಕೊಂಡು ಅವಳಿಗೆ ಫೋನ್ ಮಾಡಿದೆ.

“ಅಕ್ಕಾ, ಮೇಷ್ಟ್ರು ಒಂದೊಂದು ಸಾಲನ್ನೂ ನನ್ನ ಕೈಲಿ ಎರಡೆರಡು ಸರ್ತಿ ಓದಿಸಿ ಕೇಳ್ಯಾರೆ. ತಪ್ಪಿದ್ರೆ ಅವರ ಕಿವಿ ಬಿಡ್ತಿತ್ತೇನು?” ಎಂದಳು. ದನಿಯಲ್ಲಿ ಬೇಸರವಿತ್ತು. ನಾನು ಅದನ್ನು ಗಮನಿಸಿಯೂ “ಇನ್ನೊಮ್ಮೆ ನೋಡಿಬಿಡಿ” ಎಂದು ಫೋನ್ ಇಟ್ಟೆ.

ಸಂಜೆ, ಧ್ವನಿಗೆ ಒಪ್ಪಿಸುವ ಮುನ್ನ ಪಠ್ಯ ಹೇಗಿರುತ್ತದೆ ಎಂದು ಪರದೆಯ ಮೇಲೆ ಹಾಕಿ ನೋಡಿದೆ. ಅಲ್ಲೊಂದು ಇಲ್ಲೊಂದು ಕಡೆ ಕಪ್ಪು ಚೌಕವನ್ನು ಓರೆಯಾಗಿ ನಿಲ್ಲಿಸಿ ಅದರೊಳಗೆ ಪ್ರಶ್ನೆಯ ಚಿಹ್ನೆ ಬರೆದಂಥ ಗುರುತುಗಳಿದ್ದವು. ‘ಇಲ್ಲಿರುವುದು ಯಾವ ಅಕ್ಷರ ಅಂತ ನನಗೆ ತಿಳಿಯಲಿಲ್ಲ’ ಎಂದು, ನಾನು ಪ್ರೋಗ್ರಾಂ ಬರೆಯುವ ಜಾವಾ ಭಾಷೆ ತಾನಾಗಿಯೇ ಇಡುವ ಗುರುತು ಅದು. ಧ್ವನಿ ಅಲ್ಲಿಗೆ ಬಂದಾಗ ಟಕ್ ಎಂದು ನಿಲ್ಲುತ್ತಿತ್ತು. ಆ ಗುರುತು ಯಾಕೆ ಬಂತು ಎಂದು ನಾನು ಆ ಹೊತ್ತಿನಲ್ಲಿ ಕೇಳಿಕೊಳ್ಳಬೇಕಿತ್ತು. ಕೇಳಿಕೊಳ್ಳಲಿಲ್ಲ. ಅಂಥ ಗುರುತು ಕಂಡಲ್ಲೆಲ್ಲ ಅಳಿಸಿಬಿಡು ಎಂದು ಒಂದು ಸಾಲು ಬರೆದೆ. ಟಕ್ ಶಬ್ದ ನಿಂತಿತು. ಮೇಷ್ಟ್ರು ಖುಷಿಯಾಗಿ ಫೋನ್ ಮಾಡಿ, “ಈಗ ನೀರು ಹರಿದಂಗೆ ಹರೀತೈತೆ ನೋಡ್ರಿ” ಎಂದರು. ನಾನೂ ಖುಷಿಪಟ್ಟೆ.

ಎರಡು ತಿಂಗಳು ಕಳೆದ ಮೇಲೆ ಮತ್ತೆ ಅವರ ಫೋನ್ ಬಂತು. ಈ ಸಲ ದನಿ ಬೇರೆಯಾಗಿತ್ತು. “ಮೇಡಂ, ನೀವೊಮ್ಮೆ ಬರಬೇಕಾಗ್ತೈತೆ. ಫೋನ್‌ನಾಗೆ ಹೇಳೋದಲ್ಲ ಇದು.”

ಮಾರನೆಯ ಬೆಳಿಗ್ಗೆ ನನ್ನ ಲ್ಯಾಪ್‌ಟಾಪ್ ಚೀಲಕ್ಕೆ ಹಾಕಿಕೊಂಡು ಹರಿಹರದ ಬಸ್ಸು ಹತ್ತಿದೆ. ಶಾಲೆಯಲ್ಲಿ ಪಾಠ ಕೇಳಲೆಂದೇ ಒಂದು ಉದ್ದನೆಯ ಕೋಣೆಯಿದೆ. ಗೋಡೆಗುಂಟ ಬೆಂಚು, ಅದರೆದುರು ಆರು ಲ್ಯಾಪ್‌ಟಾಪ್, ಎಲ್ಲದರ ಪರದೆಯ ಬೆಳಕೂ ಆರಿಸಿದ್ದು. ಮೇಷ್ಟ್ರ ಪಕ್ಕ ಒಬ್ಬಳು ಹುಡುಗಿ ಕೂತಿದ್ದಳು. ಬಾತಿ ಊರಿನ ಕಡೆಯ ರೈತರ ಮನೆಯವಳು, ಹತ್ತನೇ ತರಗತಿ.

“ಕೂಡ್ರಿ ಮೇಡಂ” ಎಂದರು ಮೇಷ್ಟ್ರು. “ನಿನ್ನೆ ಕ್ಲಾಸಿನಾಗೆ ಬಾಯಿ ಪರೀಕ್ಷೆ ಮಾಡಿದೆ. ಗ್ರಾಫೈಟ್ ಲೋಹವೋ ಅಲೋಹವೋ ಅಂತ ಈಕೀನ ಕೇಳಿದ್ರೆ ಲೋಹ ಅಂದ್ಲು. ಕಿವಿ ಎಲ್ಲಿಟ್ಟಿದ್ದೆ ಅಂತ ಎಲ್ಲರ ಮುಂದೆ ಬೈದೆ. ಕ್ಲಾಸ್ ಮುಗಿದ ಮ್ಯಾಲೆ ನನ್ನ ಕೈ ಹಿಡ್ಕಂಡು ಇಲ್ಲಿಗೆ ಕರ್ಕಂಡು ಬಂದ್ಲು. ನೀವೂ ಕೇಳ್ರಿ.”

ಹುಡುಗಿ ಎರಡು ಕೀಲಿ ಒತ್ತಿದಳು. ನಾನು ಬರೆದ ಪ್ರೋಗ್ರಾಂ ಸ್ಪಷ್ಟವಾಗಿ, ಎಲ್ಲೂ ತಡವರಿಸದೆ ಹೇಳಿತು: “ಗ್ರಾಫೈಟ್ ಒಂದು ಲೋಹ. ಆದರೂ ಅದು ವಿದ್ಯುತ್ತನ್ನು ಹರಿಯಗೊಡುತ್ತದೆ.”

ಪರದೆಯ ಬೆಳಕು ಹೊತ್ತಿಸಿ ಫೈಲನ್ನು ತೆರೆದೆ. ಅಲ್ಲಿ ‘ಗ್ರಾಫೈಟ್ ಒಂದು ಅಲೋಹ’ ಎಂದೇ ಇತ್ತು. ಟೈಪ್ ಮಾಡಿದವಳದು ಏನೂ ತಪ್ಪಿರಲಿಲ್ಲ.

“ನನಗೂ ಡೌಟ್ ಬಂದಿತ್ತು ಅಕ್ಕಾ” ಎಂದಳು ಹುಡುಗಿ. “ಲೋಹ ಅಂದ ಮ್ಯಾಲೆ ಕರೆಂಟ್ ಹರಿಯೋದೇ ಅಲ್ಲಾ? ಮತ್ತೆ ‘ಆದರೂ’ ಅಂತ ಯಾಕ ಹೇಳ್ತೈತೆ ಅನ್ನಿಸ್ತು. ಮೂರು ಸರ್ತಿ ಹಾಕಿ ಕೇಳಿದೆ. ಮೂರು ಸರ್ತಿನೂ ಹಂಗೇ ಅಂತು. ಅದಕ್ಕೆ ಗೊತ್ತಾಗಿಲ್ಲ ಅಂದ್ರೆ ಗೊತ್ತಾಗ್ಲಿಲ್ಲ ಅನ್ನಬೇಕಿತ್ತು. ಇಷ್ಟು ಗಟ್ಟಿಯಾಗಿ ಹೇಳಿದ್ರೆ ನಾನು ಏನು ಮಾಡ್ಲಿ?”

ಎರಡು ತಿಂಗಳ ಹಿಂದೆ ನಾನು ಬರೆದ ಆ ಒಂದು ಸಾಲಿನ ವಿಷಯವನ್ನು ಇಬ್ಬರಿಗೂ ಹೇಳಿದೆ. ಟಕ್ ಎಂದು ನಿಲ್ಲುತ್ತಿದ್ದ ಜಾಗದಲ್ಲಿ ಒಂದು ಅಕ್ಷರ ಕೆಟ್ಟಿತ್ತು, ಯಾಕೆ ಕೆಟ್ಟಿತು ಎಂದು ನೋಡದೆ ನಾನು ಅದನ್ನು ಮುಚ್ಚಿಹಾಕಿದೆ, ಹಾಗಾಗಿ ‘ಅ’ ಹೋಗಿ ಅಲೋಹ ಲೋಹವಾಯಿತು ಎಂದೆ. ಮೇಷ್ಟ್ರು ಬೈಯುತ್ತಾರೆ ಅಂದುಕೊಂಡೆ.

“ಹಂಗಾದ್ರೆ ಆ ಮುಚ್ಚಿದ್ದನ್ನ ತೆಗೀರಿ” ಎಂದರು. “ಮತ್ತೆ ಟಕ್ ಅನ್ಲಿ. ಎಲ್ಲೆಲ್ಲಿ ಅಂತೈತೆ ಅಂತ ನಾನು ಕೇಳ್ತೀನಿ.”

ಅಲ್ಲೇ ಕೂತು ಆ ಸಾಲನ್ನು ತೆಗೆದೆ. ಮೇಷ್ಟ್ರು ತಮ್ಮ ಕೈಗಡಿಯಾರವನ್ನು ಕಿವಿಯ ಹತ್ತಿರ ಹಿಡಿದುಕೊಂಡರು. ಗುಂಡಿ ಒತ್ತಿದರೆ ಸಮಯವನ್ನು ಬಾಯಿಬಿಟ್ಟು ಹೇಳುವ ಗಡಿಯಾರ ಅದು. ಪಾಠ ಶುರುವಾಯಿತು. ಮೊದಲ ಟಕ್ ಎರಡು ನಿಮಿಷಕ್ಕೆ ಸ್ವಲ್ಪ ಮುಂಚೆ ಬಂತು. ಎರಡನೆಯದೂ ಅಷ್ಟೇ ಅಂತರದಲ್ಲಿ ಬಂತು. ಮೂರನೆಯದು ಬರಬೇಕಾದ ಹೊತ್ತಿಗೆ ಬರಲಿಲ್ಲ. ಇನ್ನೊಂದು ಅಷ್ಟೇ ಅಂತರ ಕಳೆದ ಮೇಲೆ ಬಂತು. ಅವರು ತಲೆ ಆಡಿಸಿ, ಓದುವ ವೇಗವನ್ನು ಇಮ್ಮಡಿ ಮಾಡಲು ಹುಡುಗಿಗೆ ಹೇಳಿದರು. ನನಗೆ ಒಂದು ಶಬ್ದವೂ ಹಿಡಿಯಲಾಗದಷ್ಟು ವೇಗ. ಅವರಿಬ್ಬರೂ ನೆಮ್ಮದಿಯಾಗಿ ಕೇಳುತ್ತಿದ್ದರು. ಈಗ ಟಕ್ ಒಂದು ನಿಮಿಷದೊಳಗೇ ಬರತೊಡಗಿತು.

“ಇದು ಗಡಿಯಾರ ನೋಡ್ಕಂಡು ಬರೋದಲ್ಲ ಮೇಡಂ” ಎಂದರು ಮೇಷ್ಟ್ರು. “ಇಷ್ಟು ಓದಿದ ಮ್ಯಾಲೆ ಒಮ್ಮೆ ಅಂತ ಲೆಕ್ಕ ಇಟ್ಕಂಡೈತೆ. ನಿಮ್ಮ ಪ್ರೋಗ್ರಾಂನಾಗೆ ಅಂಥ ಅಳತೆ ಯಾವುದಾದ್ರೂ ಐತೇನು?”

ಇತ್ತು. ಅವರು ಕೇಳಿದ ಕೂಡಲೇ ನೆನಪಾಯಿತು. ನಾಲ್ಕು ಸಾವಿರದ ತೊಂಬತ್ತಾರು.

ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಫೈಲಿನಲ್ಲಿ ಅಕ್ಷರಗಳು ಅಕ್ಷರಗಳಾಗಿ ಇರುವುದಿಲ್ಲ, ಬೈಟ್ ಎಂಬ ಸಣ್ಣ ಸಂಖ್ಯೆಗಳ ಸಾಲಾಗಿ ಇರುತ್ತವೆ. ಇಂಗ್ಲಿಷಿನ ಒಂದು ಅಕ್ಷರಕ್ಕೆ ಒಂದೇ ಬೈಟ್ ಸಾಕು. ನಾವು ಬಳಸುವ ಪದ್ಧತಿಯಲ್ಲಿ ಕನ್ನಡದ ಒಂದೊಂದು ಅಕ್ಷರಕ್ಕೂ, ಒಂದೊಂದು ಗುಣಿತದ ಚಿಹ್ನೆಗೂ ಮೂರು ಮೂರು ಬೈಟ್ ಬೇಕು. ನನ್ನ ಪ್ರೋಗ್ರಾಂ ಫೈಲಿನಿಂದ ಒಂದು ಸಲಕ್ಕೆ ನಾಲ್ಕು ಸಾವಿರದ ತೊಂಬತ್ತಾರು ಬೈಟ್ ತುಂಬಿಕೊಂಡು, ಅಷ್ಟನ್ನು ಅಕ್ಷರಗಳಾಗಿ ಬದಲಿಸಿ, ಮತ್ತೆ ಹೋಗಿ ಅಷ್ಟೇ ತುಂಬಿಕೊಳ್ಳುತ್ತಿತ್ತು. ಆ ಅಳತೆಯನ್ನು ಒಂದು ಬಕೆಟ್ ಅಂದುಕೊಳ್ಳಿ. ಬಕೆಟ್ ತುಂಬುವ ಹೊತ್ತಿಗೆ ಒಂದು ಅಕ್ಷರದ ಎರಡು ಬೈಟ್ ಮಾತ್ರ ಒಳಗೆ ಬಂದು, ಮೂರನೆಯದು ಮುಂದಿನ ಬಕೆಟ್ಟಿಗೆ ಬಿದ್ದರೆ ಆ ಎರಡು ತುಂಡುಗಳಲ್ಲಿ ಯಾವುದೂ ಅಕ್ಷರವಲ್ಲ. ಎರಡೂ ಕಡೆ ಪ್ರಶ್ನೆಯ ಗುರುತು ಬೀಳುತ್ತದೆ. ಬಕೆಟ್ಟಿನ ಅಂಚು ಸರಿಯಾಗಿ ಎರಡು ಅಕ್ಷರಗಳ ನಡುವೆ ಬಿದ್ದರೆ ಏನೂ ಕೆಡುವುದಿಲ್ಲ. ಮೇಷ್ಟ್ರಿಗೆ ಮೂರನೆಯ ಟಕ್ ಕೇಳಿಸದೆ ಹೋದದ್ದು ಅದಕ್ಕೇ.

ಹೀಗೆ ತುಂಬಿಕೊಳ್ಳುವ ತುಣುಕನ್ನು, ಪ್ರೋಗ್ರಾಂ ಬರೆಯುವ ನಾವು ‘ಕ್ಲಾಸ್’ ಅನ್ನುವುದನ್ನು, ನಾನು ಆರು ವರ್ಷದ ಹಿಂದೆ ಬರೆದಿದ್ದೆ. ನಮ್ಮ ಎಲ್ಲ ಪ್ರೋಗ್ರಾಂಗಳೂ ಅದನ್ನೇ ಕರೆಯುತ್ತಿದ್ದವು. ಅಂಗಡಿಯವರ ಬಿಲ್ಲುಗಳು ಇಂಗ್ಲಿಷ್ ಅಕ್ಷರದಲ್ಲಿರುತ್ತವೆ. ಒಂದೇ ಬೈಟಿನ ಅಕ್ಷರ ಎಲ್ಲಿ ಕತ್ತರಿಸಿದರೂ ತುಂಡಾಗುವುದಿಲ್ಲ. ಹಾಗಾಗಿ ಆರು ವರ್ಷ ಯಾರಿಗೂ ಏನೂ ಗೊತ್ತಾಗಿರಲಿಲ್ಲ.

ಆಫೀಸಿಗೆ ಬಂದು ಮಾಲೀಕರಿಗೆ ಎಲ್ಲ ಹೇಳಿದೆ. ಅವರೂ ಒಂದು ಕಾಲದಲ್ಲಿ ಪ್ರೋಗ್ರಾಂ ಬರೆದವರೇ. “ಬಕೆಟ್ ದೊಡ್ದು ಮಾಡಿಬಿಡಮ್ಮ” ಎಂದರು. “ಒಂದು ಪಾಠ ಎಷ್ಟು ದೊಡ್ದಿರ್ತೈತೆ? ಪೂರಾ ಪಾಠ ಒಂದೇ ಸಲಕ್ಕೆ ಹಿಡಿಯೋವಷ್ಟು ಇಟ್ರೆ ತುಂಡಾಗೋ ಮಾತೇ ಇಲ್ಲ. ಗೋಡೌನಿನ ಕೆಲಸ ಬಾಕಿ ಐತೆ.”

ಮಾತು ಸರಿಯೆನಿಸಿತು. ಹತ್ತು ಲಕ್ಷ ಬೈಟಿನ ಬಕೆಟ್ ಇಟ್ಟೆ. ನನ್ನ ಮೇಜಿನ ಮೇಲೆ ಎಲ್ಲ ಪಾಠಗಳೂ ಚೊಕ್ಕವಾಗಿ ಬಂದವು. ಆ ವಾರ ಹರಿಹರಕ್ಕೆ ಹೋದಾಗ ಇನ್ನೊಂದು ಕೆಲಸವನ್ನೂ ಮಾಡಿದೆ. ಮೇಷ್ಟ್ರು ಟಿಪ್ಪಣಿ ತಿದ್ದಿದಾಗಲೆಲ್ಲ ಆರು ಲ್ಯಾಪ್‌ಟಾಪಿಗೂ ಹೊಸದಾಗಿ ಕಾಪಿ ಮಾಡಬೇಕಿತ್ತು. ಅದು ತಪ್ಪಲಿ ಎಂದು ಪಾಠಗಳನ್ನೆಲ್ಲ ಶಾಲೆಯ ಆಫೀಸಿನ ಕಂಪ್ಯೂಟರಿನಲ್ಲಿಟ್ಟು, ಲ್ಯಾಪ್‌ಟಾಪುಗಳು ವೈಫೈ ಮೂಲಕ ಅಲ್ಲಿಂದಲೇ ಓದುವಂತೆ ಮಾಡಿದೆ. ಹುಡುಗಿ ಬೆಂಚಿನ ಮೇಲೆ ಕೂತು ಪಾಠ ಹಾಕಿದಳು. ಹತ್ತು ನಿಮಿಷ ಆಗಿರಲಿಲ್ಲ.

“ಅಕ್ಕಾ, ಟಕ್ ಅಂತು.”

“ಎಲ್ಲಿ?”

“ಎರಡು ಸರ್ತಿ ಅಂತು. ಈ ಸಲ ಅಂತರ ಹೊಂದೋದಿಲ್ಲ. ಮೊದಲನೇದು ಬೇಗ ಬಂತು, ಎರಡನೇದು ಬಾಳ ತಡ ಆತು.”

ನಾನು ಜಗುಲಿಗೆ ಬಂದು ಕೂತೆ. ಬಕೆಟ್ ಎಷ್ಟೇ ದೊಡ್ಡದಿರಲಿ, ನಲ್ಲಿಯಲ್ಲಿ ಬಂದಷ್ಟೇ ನೀರು. ವೈಫೈ ಮೇಲೆ ಬೈಟುಗಳು ಚೂರು ಚೂರಾಗಿ ಬರುತ್ತವೆ. ‘ಓದು’ ಎಂದು ಕೇಳಿದರೆ ಆ ಗಳಿಗೆಯಲ್ಲಿ ಕೈಗೆ ಸಿಕ್ಕಷ್ಟನ್ನು ಕೊಟ್ಟು ಸುಮ್ಮನಾಗುತ್ತದೆ. ಪುಸ್ತಕದಲ್ಲಿ ಇದನ್ನು ಓದಿದ್ದೆ. ಆದರೆ ನನ್ನ ಮೇಜಿನ ಮೇಲಿನ ಡಿಸ್ಕು ಕೇಳಿದಷ್ಟನ್ನು ಯಾವಾಗಲೂ ಪೂರ್ತಿ ಕೊಡುತ್ತಿದ್ದುದರಿಂದ ಮರೆತಿದ್ದೆ. ಮೊದಲು ತಪ್ಪು ಒಂದು ಲೆಕ್ಕಕ್ಕೆ ಬರುತ್ತಿತ್ತು, ಈಗ ಎಲ್ಲಿ ಬೇಕಾದರಲ್ಲಿ ಬರುವಂತೆ ಮಾಡಿದ್ದೆ.

ಬಸ್ಸಿನಲ್ಲಿ ವಾಪಸ್ಸು ಬರುವಾಗ ಎರಡು ವಿಷಯ ತೀರ್ಮಾನಿಸಿದೆ. ನನ್ನ ಹಳೇ ಕ್ಲಾಸಿಗೆ ಇನ್ನು ತೇಪೆ ಹಾಕುವುದಿಲ್ಲ, ಕಿತ್ತುಹಾಕಿ ಹೊಸದು ಬರೆಯುತ್ತೇನೆ. ಎರಡನೆಯದು ಹೇಳಲು ಕಷ್ಟವಾದದ್ದು. ಈ ಎರಡು ತಿಂಗಳಲ್ಲಿ ಮಕ್ಕಳು ಗ್ರಾಫೈಟ್ ಒಂದನ್ನೇ ತಪ್ಪಾಗಿ ಕೇಳಿರಲಿಕ್ಕಿಲ್ಲ. ಎಲ್ಲೆಲ್ಲಿ ಅಕ್ಷರ ಹೋಗಿದೆಯೋ ಅಷ್ಟನ್ನೂ ಹುಡುಕಿ ಶಾಲೆಯ ಕೈಗೆ ಪಟ್ಟಿ ಕೊಡಬೇಕು.

ಮಾಲೀಕರು ಪಟ್ಟಿಯ ಮಾತು ಕೇಳಿ ಕನ್ನಡಕ ತೆಗೆದಿಟ್ಟರು. “ತಪ್ಪು ಸರಿಮಾಡಿ ಕೊಡೋದು ಸರಿ. ಹಳೇದನ್ನೆಲ್ಲ ಎತ್ತಿ ತೋರಿಸೋದು ಯಾಕ? ನಮ್ಮ ಹೆಸರು ಏನಾಗ್ತೈತೆ?”

“ಮಕ್ಕಳು ಅದನ್ನೇ ಬಾಯಿಪಾಠ ಮಾಡ್ಕಂಡಿದಾರೆ ಸರ್. ನಾವು ಹೇಳದಿದ್ರೆ ಅದು ತಪ್ಪು ಅಂತ ಅವರಿಗೆ ಹೆಂಗೆ ಗೊತ್ತಾಗ್ಬೇಕು?” ಎಂದೆ.

ಕೆಳಗೆ ಗಿರಣಿ ಓಡುತ್ತಿತ್ತು. ಅವರು ನಡುಗುತ್ತಿದ್ದ ಲೋಟವನ್ನು ಮೇಜಿನ ಅಂಚಿನಿಂದ ಒಳಗೆ ಸರಿಸಿ, “ಗೋಡೌನಿನವರಿಗೆ ನಾನು ಹೇಳ್ತೀನಿ, ನಾಲ್ಕು ದಿನ ತಡ ಆಗ್ತೈತೆ ಅಂತ. ನೀನು ಇದನ್ನ ಮುಗಿಸು” ಎಂದರು.

ಆ ನಾಲ್ಕು ದಿನ ನಾನು ಮಾಡಿದ ಕೆಲಸ ಹೆಚ್ಚು ಸಾಲುಗಳದ್ದಲ್ಲ. ಬೈಟ್ ತಂದುಕೊಡುವ ವಸ್ತು ಒಂದು, ಅದನ್ನು ತನ್ನೊಳಗೆ ಇಟ್ಟುಕೊಂಡು ಅಕ್ಷರ ಕೊಡುವ ವಸ್ತು ಇನ್ನೊಂದು. ಜಾವಾದಲ್ಲಿ ಇವೆರಡೂ ಮೊದಲಿನಿಂದ ಇದ್ದವು, ನಾನೇ ಎರಡನೆಯದನ್ನು ಬಳಸದೆ ಕೈಯಾರೆ ಮಾಡಲು ಹೋಗಿದ್ದೆ. ಅಕ್ಷರ ಕೊಡುವ ಆ ಎರಡನೆಯ ವಸ್ತುವಿಗೆ ‘ಈ ಫೈಲು ಇಂಥ ಪದ್ಧತಿಯಲ್ಲಿ ಬರೆದದ್ದು’ ಎಂದು ಒಮ್ಮೆ ತಿಳಿಸಿದರೆ ಸಾಕು. ಅರ್ಧ ಅಕ್ಷರ ಬಂದರೆ ಅದು ಅವಸರ ಮಾಡುವುದಿಲ್ಲ. ಆ ತುಂಡನ್ನು ತನ್ನ ಬಳಿ ಇಟ್ಟುಕೊಂಡು, ಉಳಿದ ಬೈಟ್ ಬಂದ ಮೇಲೆ ಸೇರಿಸಿ ಇಡೀ ಅಕ್ಷರವನ್ನೇ ಕೊಡುತ್ತದೆ. ಬೈಟ್ ಬರುತ್ತಿರುವುದು ಡಿಸ್ಕಿನಿಂದಲೋ ವೈಫೈಯಿಂದಲೋ ಎಂಬುದು ಅದಕ್ಕೆ ಬೇಕಾಗಿಯೇ ಇಲ್ಲ.

ಪರೀಕ್ಷೆ ಮಾಡಲು ಮಾತ್ರ ಹೊಸ ಉಪಾಯ ಹುಡುಕಿದೆ. ಬೈಟ್ ತಂದುಕೊಡುವ ವಸ್ತುವಿನ ಜಾತಿಯದೇ ಇನ್ನೊಂದು ಕ್ಲಾಸ್ ಬರೆದು, ‘ಜಿಪುಣ’ ಎಂದು ಹೆಸರಿಟ್ಟೆ. ಎಷ್ಟೇ ಕೇಳಿದರೂ ಅದು ಒಂದು ಸಲಕ್ಕೆ ಒಂದೇ ಬೈಟ್ ಕೊಡುತ್ತದೆ. ನನ್ನ ಹಳೇ ಕ್ಲಾಸನ್ನು ಇದರ ಮುಂದೆ ಕೂರಿಸಿದಾಗ ಕನ್ನಡದ ಒಂದಕ್ಷರವೂ ಉಳಿಯಲಿಲ್ಲ, ಪುಟದ ತುಂಬ ಪ್ರಶ್ನೆಯ ಗುರುತು. ಈ ಪರೀಕ್ಷೆಯನ್ನು ಆರು ವರ್ಷದ ಹಿಂದೆಯೇ ಮಾಡಿದ್ದರೆ ಐದು ನಿಮಿಷದಲ್ಲಿ ಎಲ್ಲ ಬಯಲಾಗುತ್ತಿತ್ತು. ಹೊಸ ಕ್ಲಾಸನ್ನು ಕೂರಿಸಿದೆ. ಮೊದಲ ಪಾಠದಿಂದ ಕೊನೆಯ ಪಾಠದವರೆಗೆ ಒಂದು ಗುಣಿತವೂ ತಪ್ಪಲಿಲ್ಲ. ಒಬ್ಬಳೇ ಕೂತು ನಕ್ಕೆ.

ಆಮೇಲೆ ಹುಡುಗಿ ಹೇಳಿದ್ದು ನೆನಪಾಗಿ ಇನ್ನೊಂದನ್ನು ಸೇರಿಸಿದೆ. ಫೈಲೇ ಕೆಟ್ಟಿದ್ದರೆ ಪ್ರಶ್ನೆಯ ಗುರುತು ಇಡುವುದೂ ಬೇಡ, ಅಳಿಸುವುದೂ ಬೇಡ. ಓದುವುದನ್ನು ನಿಲ್ಲಿಸಿ, ‘ಈ ಪಾಠದಲ್ಲಿ ಅಕ್ಷರ ಕೆಟ್ಟಿದೆ, ಮೇಷ್ಟ್ರಿಗೆ ತಿಳಿಸಿ’ ಎಂದು ಬಾಯಿಬಿಟ್ಟು ಹೇಳಬೇಕು.

ಕೊನೆಗೆ ಪಟ್ಟಿ. ಹಳೇ ಪ್ರೋಗ್ರಾಂ ಓದಿದ್ದನ್ನೂ ಹೊಸದು ಓದಿದ್ದನ್ನೂ ಪಕ್ಕಪಕ್ಕ ಇಟ್ಟು ಹೋಲಿಸಿ, ವ್ಯತ್ಯಾಸ ಬಂದ ಸಾಲುಗಳನ್ನೆಲ್ಲ ತೆಗೆದೆ. ಅದನ್ನು ಹಿಡಿದು ಮೊದಲು ಸ್ಟೇಷನ್ ರಸ್ತೆಯ ಡಿಟಿಪಿ ಅಂಗಡಿಗೆ ಹೋದೆ. “ನಿಮ್ಮ ಕಡೆ ಏನೂ ತಪ್ಪಿರಲಿಲ್ಲ. ಫೋನಿನಲ್ಲಿ ನಾನು ಹಾಗೆ ಕೇಳಬಾರದಿತ್ತು” ಎಂದೆ.

ಅವಳು ಪಟ್ಟಿ ತಗೊಂಡು ಕಣ್ಣಾಡಿಸಿ, “ಇಲ್ಲಿ ನೋಡ್ರಿ ಅಕ್ಕಾ” ಎಂದು ಒಂದು ಸಾಲಿನ ಮೇಲೆ ಬೆರಳಿಟ್ಟಳು. ‘ಎರಡು ದ್ರಾವಣಗಳನ್ನು ಕೂಡಿಸಿದಾಗ’ ಎಂದು ಅವಳು ಟೈಪ್ ಮಾಡಿದ್ದು, ಕೊಂಬು ಕಳಚಿ ‘ಕಡಿಸಿದಾಗ’ ಎಂದಾಗಿತ್ತು. ಇಬ್ಬರಿಗೂ ನಗು ಬಂತು. ಅಂಗಡಿಯನ್ನು ಪಕ್ಕದವರಿಗೆ ನೋಡಿಕೊಳ್ಳಲು ಹೇಳಿ ಅವಳೂ ನನ್ನ ಜೊತೆ ಶಾಲೆಗೆ ಬಂದಳು.

ಮಧ್ಯಾಹ್ನವಿಡೀ ಮೂವರೂ ಕೂತೆವು. ಅವಳು ಸಾಲು ಓದುತ್ತಿದ್ದಳು, ಮೇಷ್ಟ್ರು “ಇದು ನಡೀತೈತೆ, ಮಕ್ಕಳಿಗೆ ಗೊತ್ತಾಗಿರ್ತೈತೆ” ಅಥವಾ “ಇದನ್ನ ಬರ್ಕಳ್ರಿ” ಎನ್ನುತ್ತಿದ್ದರು. ಹೆಚ್ಚಿನ ಕಡೆ ಶಬ್ದ ಸೊಟ್ಟಗಾಗಿತ್ತೇ ಹೊರತು ಅರ್ಥ ಕೆಟ್ಟಿರಲಿಲ್ಲ. ಅರ್ಥವೇ ತಿರುಗಿದ ಜಾಗಗಳು ಕೈಬೆರಳಲ್ಲಿ ಎಣಿಸುವಷ್ಟು ಇದ್ದವು. ಮಾರನೆಯ ದಿನ ತರಗತಿಯಲ್ಲಿ ಅಷ್ಟನ್ನೂ ತಾವೇ ಹೇಳಿ ತಿದ್ದುವುದಾಗಿ ಮೇಷ್ಟ್ರು ಹೇಳಿದರು. “ನಾನು ಬೈದದ್ದನ್ನೂ ಎಲ್ಲರ ಮುಂದೆನೇ ವಾಪಸ್ ತಗೋಬೇಕಾಗೈತೆ” ಎಂದರು.

ನಾನು ಬೇಕೆಂದೇ ಕೆಡಿಸಿ ತಂದಿದ್ದ ಒಂದು ಫೈಲನ್ನು ಹಾಕಿ ತೋರಿಸಿದೆ. ಪ್ರೋಗ್ರಾಂ ಸುಮ್ಮನಾಗಿ, ಅಕ್ಷರ ಕೆಟ್ಟಿದೆ ಎಂದಿತು. ಮೇಷ್ಟ್ರು ಇನ್ನೊಮ್ಮೆ ಹಾಕಿಸಿ ಕೇಳಿದರು. “ಇದು ಚಲೋ ಆತು” ಎಂದಷ್ಟೇ ಹೇಳಿದರು. ಅವರು ಹಾಗೆ ಹೇಳುವುದು ಅಪರೂಪ ಎಂದು ಆಮೇಲೆ ಟೈಪ್ ಮಾಡುವವಳು ಹೇಳಿದಳು.

ಅಷ್ಟರಲ್ಲಿ ತರಗತಿ ಬಿಟ್ಟು ಹುಡುಗಿ ಬಂದಳು. ಬೆಂಚಿನ ಅಂಚು ಸವರಿಕೊಂಡು ತನ್ನ ಜಾಗಕ್ಕೆ ಬಂದು, ಹೊಸ ಪ್ರೋಗ್ರಾಂನಲ್ಲಿ ಲೋಹ ಅಲೋಹಗಳ ಪಾಠವನ್ನು ಅದೇ ಭರ್ರನೆಯ ವೇಗದಲ್ಲಿ ಕೊನೆಯವರೆಗೂ ಕೇಳಿದಳು. ಎಲ್ಲೂ ತಡೆಯಲಿಲ್ಲ. ಮುಗಿದ ಮೇಲೆ ನನ್ನ ಕಡೆ ತಿರುಗಿ, “ಅಕ್ಕಾ, ನೀವು ಒಂದು ಪಾಠನಾದ್ರೂ ಪೂರಾ ಕೇಳೀರೇನು?” ಎಂದು ಕೇಳಿದಳು.

ಕೇಳಿರಲಿಲ್ಲ. ಎಲ್ಲವನ್ನೂ ಪರದೆಯ ಮೇಲೆ ಕಣ್ಣಿನಿಂದ ನೋಡಿದ್ದೆ. ಒಂದೆರಡು ಸಾಲು ಕಿವಿಗೆ ಹಾಕಿಕೊಂಡು, ಧ್ವನಿ ಬರುತ್ತಿದೆ ಎಂದು ಖಾತ್ರಿಯಾದ ಕೂಡಲೇ ನಿಲ್ಲಿಸುತ್ತಿದ್ದೆ. ಹಾಗೆಯೇ ಹೇಳಿದೆ.

“ಹಂಗಾದ್ರೆ ಕೂಡ್ರಿ” ಎಂದು ಸರಿದು ಜಾಗ ಕೊಟ್ಟಳು. ಗಿಡಗಳು ನೀರು ಹೀರುವ ಬಗೆಯ ಪಾಠ ಹಾಕಿದಳು. ಎರಡು ಸಾಲು ಆಗುವಷ್ಟರಲ್ಲಿ ನಿಲ್ಲಿಸಿ, “ನಿಮಗೆ ಈ ಸ್ಪೀಡ್ ಬ್ಯಾಡ” ಎಂದು ಬಹಳ ನಿಧಾನಕ್ಕೆ ಇಳಿಸಿದಳು. ನಾನು ಕಣ್ಣು ಮುಚ್ಚಿಕೊಂಡೆ. ಬೇರಿನ ರೋಮಗಳಿಂದ ಹಿಡಿದು ಎಲೆಯ ರಂಧ್ರಗಳವರೆಗೆ ಮೇಷ್ಟ್ರ ಮಾತುಗಳು ಒಂದಾದ ಮೇಲೊಂದು ಇಡಿಯಾಗಿ ಬಂದವು. ಇಪ್ಪತ್ತು ನಿಮಿಷದ ಮೇಲಾಯಿತು. ಹೊರಗೆ ಸಂಜೆಯ ತಿಂಡಿಯ ತಟ್ಟೆಗಳ ಸದ್ದು ಶುರುವಾದರೂ ಅವಳು ಎದ್ದಿರಲಿಲ್ಲ.

ಪಾಠ ಮುಗಿದಾಗ, “ಈಗ ಪ್ರಶ್ನೆ ಕೇಳ್ಲಾ?” ಎಂದಳು.

ಐದು ಕೇಳಿದಳು. ಮೂರಕ್ಕೆ ಸರಿಯಾಗಿ ಹೇಳಿದೆ. ಉಳಿದ ಎರಡರ ಉತ್ತರವನ್ನು ಅವಳು ಹೇಳಲಿಲ್ಲ. ಪಾಠವನ್ನು ಹಿಂದಕ್ಕೆ ಓಡಿಸಿ, ಸರಿಯಾಗಿ ಆ ಸಾಲಿಗೆ ತಂದು ನಿಲ್ಲಿಸಿ, “ಇನ್ನೊಂದು ಸರ್ತಿ ಕೇಳ್ರಿ, ಐತೆ ಅದರಾಗೆ” ಎಂದಳು.